ಅಪ್‌ಡೇಟ್: ಬೂಸ್ಟರ್ ಸೀಟ್ ಸದ್ಯಕ್ಕೆ ಬೇಡ ಅಂತ ತೀರ್ಮಾನ

ಐದು ವರ್ಷದ ಮಗಳನ್ನು ಕಾರಿನಲ್ಲಿ ಚೈಲ್ಡ್ ಸೀಟ್‌ನಿಂದ (ಅದರದೇ ಬೆಲ್ಟ್ ಇರುವಂಥದ್ದು) ಬೂಸ್ಟರ್‌ಗೆ (ಕಾರಿನ ಬೆಲ್ಟ್ ಸರಿಯಾಗಿ ಕೂರಲಿ ಅಂತ ಮಗುವನ್ನು ಎತ್ತರಿಸುವ ಸೀಟು) ಯಾವಾಗ ಬದಲಾಯಿಸಬೇಕು ಅಂತ ಕೇಳಿದ್ದೆನಲ್ಲ, ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಸದ್ಯಕ್ಕೆ ಬದಲಾಯಿಸುತ್ತಿಲ್ಲ.

ವಯಸ್ಸು ಬಿಡಿ, ಸೀಟಿನ ಲೇಬಲ್ ನೋಡಿ ಅಂದಿದ್ದಿರಿ. ಹಿಂಭಾಗದಲ್ಲಿ ಕಿತ್ತಳೆ ಬಣ್ಣದ ಸ್ಟಿಕ್ಕರ್ ಇದೆ, 9ರಿಂದ 18 ಕೆಜಿ ಅಂತ. ಇವಳು 16 ಕೆಜಿ. ಭುಜ ಕೂಡ ಸೀಟಿನ ಬೆನ್ನಿನಲ್ಲಿ ಬೆಲ್ಟ್ ಹೊರಬರುವ ಮೇಲಿನ ತೂತಿಗಿಂತ ಕೆಳಗೇ ಇದೆ.

ಆದರೂ ಅಕ್ಕನ ಮಗನ ಬೂಸ್ಟರ್ ತಂದು ಕೂರಿಸಿ ನೋಡಿದೆವು. ಮನೆ ಮುಂದೆ ನಿಂತ ಕಾರಿನಲ್ಲಿ ಎಲ್ಲ ಸರಿಯಾಗೇ ಇತ್ತು, ಮೇಲಿನ ಬೆಲ್ಟ್ ಭುಜದ ನಡುವೆ, ಕೆಳಗಿನದು ತೊಡೆ ಮೇಲೆ. ತುಮಕೂರಿನಿಂದ ಬೆಂಗಳೂರಿಗೆ ಹೊರಟು ಕ್ಯಾತ್ಸಂದ್ರ ದಾಟುವಷ್ಟರಲ್ಲಿ ನಿದ್ದೆ ಹೋದಳು ನೋಡಿ, ಪಕ್ಕಕ್ಕೆ ವಾಲಿ, ಕೆಳಕ್ಕೆ ಜಾರಿ, ತೊಡೆ ಮೇಲಿರಬೇಕಾದ ಬೆಲ್ಟ್ ಹೊಟ್ಟೆ ಮೇಲೆ ಬಂದಿತ್ತು. ಹಳೇ ಸೀಟು ಡಿಕ್ಕಿಯಲ್ಲೇ ಇತ್ತು, ಹೋಟೆಲೊಂದರ ಮುಂದೆ ನಿಲ್ಲಿಸಿ ಬದಲಾಯಿಸಿದೆವು.

ಅತ್ತೆಯವರದು ಒಂದೇ ಮಾತು, "ಸುಮ್ನೆ ಯಾಕಮ್ಮ ಇದೆಲ್ಲ, ನನ್ನ ತೊಡೆ ಮೇಲೆ ಕೂರಿಸ್ಕೊಳ್ತೀನಿ." ಡಿಕ್ಕಿ ಹೊಡೆದರೆ ಮಗು ಕೈಯಲ್ಲಿ ನಿಲ್ಲುವುದಿಲ್ಲ ಅಂದರೆ ನಂಬಲಿಲ್ಲ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ 1000 ರೂಪಾಯಿ ದಂಡ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಇದೆ ಅಂದ ಮೇಲೆ ಸುಮ್ಮನಾದರು. ದಂಡ ಅಂದರೆ ಬೇಗ ಅರ್ಥವಾಗುತ್ತದೆ, ಅಲ್ವಾ!

18 ಕೆಜಿ ಆದಾಗ, ಇಲ್ಲವೇ ಭುಜ ತೂತು ದಾಟಿದಾಗ ಬೂಸ್ಟರ್. ಅದೂ ಬೆನ್ನಿರುವುದೇ, ಬರೀ ದಿಂಬಿನ ತರದ್ದಲ್ಲ. ಬೆಂಗಳೂರಿಗೆ ಹೋಗದೆ ತುಮಕೂರಿನಲ್ಲೇ ಕೂರಿಸಿ ನೋಡಿ ಖರೀದಿಸುವಂಥ ಅಂಗಡಿ ಗೊತ್ತಿದ್ದರೆ ಹೇಳಿ.