ಸೆಕ್ ಟಿಆರ್‌ಎನ್‌ಎ ಗುರುತಿಸುವಿಕೆ: ಜೀವಕೋಶದಲ್ಲಿ ನೋಡೋದಾ, ಟ್ಯೂಬಿನಲ್ಲಿ ನೋಡೋದಾ? ಮಾಡಿದವರು ಹೇಳಿ

ಕುಂದುವಾಡ ಕೆರೆ (ಪ್ರಶ್ನೆ)

ದಾವಣಗೆರೆಯಲ್ಲಿ ಎಂ.ಎಸ್‌ಸಿ. ಪ್ರಾಜೆಕ್ಟ್. ಸೆಲೆನೊಸಿಸ್ಟೀನ್ (ಸೆಲೆನಿಯಂ ಇರೋ ಅಮೈನೋ ಆಮ್ಲ) ತಯಾರಾಗೋ ಟಿಆರ್‌ಎನ್‌ಎಯನ್ನು (ಅಮೈನೋ ಆಮ್ಲ ಹೊತ್ತು ತರೋ ಆರ್‌ಎನ್‌ಎ; ಇದನ್ನು ಸೆಕ್ ಅಂತೀನಿ) ಸಾಮಾನ್ಯ ಸೆರೀನ್ ಟಿಆರ್‌ಎನ್‌ಎಯಿಂದ ಕಿಣ್ವಗಳು ಹೇಗೆ ಬೇರೆ ಗುರುತಿಸ್ತವೆ ಅಂತ ಮ್ಯುಟೆಂಟ್ ಮಾಡಿ ತೋರಿಸಬೇಕು. ವಿಕಿರಣ ಬಳಸೋ ಪರವಾನಗಿ ಇಲ್ಲ, ಕೋಲ್ಡ್ ರೂಮ್ ಇಲ್ಲ, ದುಡ್ಡೂ ಕಮ್ಮಿ. ಸೆಕ್ ಮೇಲಿನ ಸೆರೀನನ್ನು ನೇರವಾಗಿ ಸೆಲೆನೊಸಿಸ್ಟೀನ್ ಮಾಡೋ ಬ್ಯಾಕ್ಟೀರಿಯಾದ ಸೆಲ್‌ಎ ಕಿಣ್ವ ಹಿಡಿಯಲಾ, ಮೊದಲು ಆ ಸೆರೀನ್‌ಗೆ ಫಾಸ್ಫೇಟ್ ಹಚ್ಚೋ ಆರ್ಕಿಯಾದ ಪಿಎಸ್‌ಟಿಕೆ ಕಿಣ್ವ ಹಿಡಿಯಲಾ?

ಜೋಗಿಮಟ್ಟಿ

ಸೆಲ್‌ಎ ಹಿಡೀರಿ, ಇ. ಕೋಲೈ ಒಳಗೇ ನೋಡ್ರಿ. ಬಣ್ಣ ಬಂತೋ ಇಲ್ಲವೋ, ಅಷ್ಟೇ. ಫಾರ್ಮೇಟ್ ಡಿಹೈಡ್ರೋಜಿನೇಸ್-ಎಚ್‌ಗೆ ಸೆಲೆನೊಸಿಸ್ಟೀನ್ ಬೇಕೇ ಬೇಕು. ಅಲ್ಲಿ ಸಿಸ್ಟೀನ್ ಕೂತರೆ ಅದರ ವೇಗ ನೂರು ಪಟ್ಟಿಗೂ ಮೇಲೆ ಕುಸಿಯುತ್ತದೆ. ಪ್ಲೇಟಿಗೆ ಗ್ಲೂಕೋಸ್, 1 ಮೈಕ್ರೋಮೋಲಾರ್ ಸೋಡಿಯಂ ಸೆಲೆನೈಟ್, ಅಷ್ಟೇ ಮಾಲಿಬ್ಡೇಟ್ ಹಾಕಿ, ಆಮ್ಲಜನಕ ಇಲ್ಲದ ಜಾರಿನಲ್ಲಿ ಬೆಳೆಸಿ. ಆಮೇಲೆ ಮೇಲ್ಪದರ ಹುಯ್ಯಬೇಕು: 0.75 ಶೇಕಡಾ ಅಗರ್, ಮಿಲಿಲೀಟರಿಗೆ 1 ಮಿಲಿಗ್ರಾಂ ಬೆಂಜಿಲ್ ವಯಲೋಜೆನ್, 250 ಮಿಲಿಮೋಲಾರ್ ಸೋಡಿಯಂ ಫಾರ್ಮೇಟ್, 25 ಮಿಲಿಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್, ಪಿಎಚ್ 7. ಕಿಣ್ವ ಸರಿಯಿದ್ದರೆ ಕಾಲೊನಿ ನೀಲಿ-ನೇರಳೆ ಆಗುತ್ತದೆ.

ಕೆಡೋದು ಎಲ್ಲೆಲ್ಲಿ ಅಂದರೆ, ಮೊದಲನೆಯದು ಜಾರು. ಮೇಣದಬತ್ತಿ ಹಚ್ಚಿದ ಜಾರಿನಲ್ಲಿ ಆಮ್ಲಜನಕ ಕಮ್ಮಿಯಾಗುತ್ತದೆ, ಪೂರ್ತಿ ಹೋಗೋದಿಲ್ಲ. ಗ್ಯಾಸ್ ಸ್ಯಾಚೆಟ್ ಹಾಕಲೇಬೇಕು, ಅಲ್ಲಿ ಉಳಿತಾಯ ಬೇಡ. ಪ್ಲೇಟ್ ಹೊರಗೆ ತೆಗೆದ ಮೇಲೆ ಗಾಳಿ ತಗುಲಿ ಬಣ್ಣ ಮಾಸುತ್ತದೆ, ಕ್ಯಾಮೆರಾ ಮೊದಲೇ ಸಿದ್ಧ ಇರಲಿ. ಮಾಧ್ಯಮದಲ್ಲಿ ನೈಟ್ರೇಟ್ ಇದ್ದರೆ ಆ ಡಿಹೈಡ್ರೋಜಿನೇಸ್‌ನ ಜೀನೇ ಏಳೋದಿಲ್ಲ. ಕೇಯೋ ಸಂಗ್ರಹದ (ಒಂದೊಂದೇ ಜೀನ್ ಅಳಿಸಿದ ಇ. ಕೋಲೈ ತಳಿಗಳು) ಸೆಲ್‌ಎ ಇಲ್ಲದ ತಳಿಯಲ್ಲಿ ಕ್ಯಾನಮೈಸಿನ್ ಕ್ಯಾಸೆಟ್ ಕೂತಿರುತ್ತದೆ. ಕ್ಯಾನಮೈಸಿನ್ ಪ್ಲಾಸ್ಮಿಡ್ ಹಾಕಿದರೆ ಆಯ್ಕೆಯೇ ನಡೆಯೋದಿಲ್ಲ. ಅರಾಬಿನೋಸ್ ಪ್ರಮೋಟರ್ ಇಟ್ಟು ಪ್ಲೇಟಿಗೆ ಗ್ಲೂಕೋಸ್ ಸುರಿದರೆ ಪ್ರಮೋಟರ್ ಮಲಗಿಬಿಡುತ್ತದೆ. ಟಿ7 ಪ್ರಮೋಟರ್ ಆ ತಳಿಯಲ್ಲಿ ಓಡೋದೇ ಇಲ್ಲ, ಪಾಲಿಮರೇಸ್ ಜೀನ್ ಅದರಲ್ಲಿಲ್ಲ.

ಚಂದ್ರವಳ್ಳಿ

ಜೋಗಿಮಟ್ಟಿಯವರೇ, ಪ್ರಶ್ನೆ ಕೇಳಿದವರಿಗೆ ಬೇಕಿರೋದು ಗುರುತಿಸುವಿಕೆ. ನಿಮ್ಮ ನೀಲಿ ಬಣ್ಣ ಬರಬೇಕಾದರೆ ಸೆರಿಲ್ ಸಿಂಥೆಟೇಸ್ (ಸೆರೀನ್ ಹಚ್ಚೋದು), ಸೆಲ್‌ಎ, ಸೆಲ್‌ಬಿ (ರೈಬೋಸೋಮಿಗೆ ಒಯ್ಯೋದು) ಮೂರೂ ಆ ಟಿಆರ್‌ಎನ್‌ಎಯನ್ನು ಒಪ್ಪಬೇಕು. ಮ್ಯುಟೆಂಟ್ ಬಿಳಿಯಾಗಿ ಉಳಿದರೆ ಬೇಡ ಅಂದವರು ಯಾರು? ಇ. ಕೋಲೈ ಸೆಕ್‌ನಲ್ಲಿ ಆಕ್ಸೆಪ್ಟರ್ ಕಾಂಡ (ಅಮೈನೋ ಆಮ್ಲ ಹತ್ತೋ ಕಡೆಯದು) 8 ಬೇಸ್ ಜೋಡಿ, ಟಿ ಕಾಂಡ 5. ಆ 8ನ್ನು 7 ಮಾಡಿದರೆ ಯುಜಿಎ (ಸೆಲೆನೊಸಿಸ್ಟೀನ್ ಸೂಚಿಸೋ ಕೋಡಾನ್) ಓದೋದು ನಿಲ್ಲುತ್ತದೆ. ಅದನ್ನು ಸೆಲ್‌ಎ ಲೆಕ್ಕಕ್ಕೆ ಬರೆದರೆ ಪರೀಕ್ಷಕರು ಬಿಡ್ತಾರಾ? 8 ಜೋಡಿ ಮುಖ್ಯವಾಗಿ ಬೇಕಿರೋದು ಸೆಲ್‌ಬಿಗೆ. ಇನ್ನೊಂದು, ಟಿಆರ್‌ಎನ್‌ಎ ಮ್ಯುಟೆಂಟ್ ನೋಡಬೇಕಂದರೆ ಸೆಲ್‌ಸಿ ಇಲ್ಲದ ತಳಿ ಬೇಕು. ಅದು ಟಿಆರ್‌ಎನ್‌ಎ ಜೀನ್, ಪ್ರೋಟೀನ್ ಜೀನ್‌ಗಳನ್ನು ಅಳಿಸಿ ಮಾಡಿದ ಕೇಯೋದಲ್ಲಿ ಸಿಗೋದಿಲ್ಲ.

ಟ್ಯೂಬಿನಲ್ಲೇ ಮಾಡಿ. ಪಿಎಸ್‌ಟಿಕೆ ಎಷ್ಟು ಕಟ್ಟುನಿಟ್ಟು ಅಂದರೆ ಸೆರೀನ್ ಹತ್ತಿದ ಸೆಕ್‌ಗೆ ಮಾತ್ರ ಫಾಸ್ಫೇಟ್ ಹಚ್ಚುತ್ತದೆ, ಸೆರೀನ್ ಹತ್ತಿದ ಸಾಮಾನ್ಯ ಸೆರೀನ್ ಟಿಆರ್‌ಎನ್‌ಎಯನ್ನು ಮುಟ್ಟೋದಿಲ್ಲ. ಎರಡರ ತುದಿಯಲ್ಲೂ ಅದೇ ಸೆರೀನ್, ಎರಡರಲ್ಲೂ ಉದ್ದನೆ ವೇರಿಯಬಲ್ ತೋಳು, ಎರಡರಲ್ಲೂ 73ನೇ ಸ್ಥಾನದಲ್ಲಿ ಜಿ ಬೇಸ್ (ಜಿ73). ಹಾಗಾದರೆ ವ್ಯತ್ಯಾಸ ಬೇರೆ ಕಡೆ ಇರಲೇಬೇಕು. ಮೆಥನೋಕಾಲ್ಡೋಕಾಕಸ್ ಜನ್ನಾಸ್ಕಿಯ ಪಿಎಸ್‌ಟಿಕೆಗೆ ಆಕ್ಸೆಪ್ಟರ್ ಕಾಂಡದ ಜಿ2-ಸಿ71, ಸಿ3-ಜಿ70 ಜೋಡಿಗಳು ಪ್ರಾಣ. ಪ್ರೋಟೀನ್ ಶುದ್ಧಿಯೂ ಸಲೀಸು: ಇ. ಕೋಲೈ ಲೈಸೇಟನ್ನು 70 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ತಿರುಗಿಸಿದರೆ ಇ. ಕೋಲೈಯ ಬಹುತೇಕ ಪ್ರೋಟೀನ್ ಮುದ್ದೆಯಾಗಿ ಕೆಳಗೆ ಕೂರುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಕರೆಂಟ್ ಹೋದರೂ ಈ ಕಿಣ್ವ ಜಗ್ಗೋದಿಲ್ಲ.

ಹಳೇ ಪಿ.ಬಿ. ರಸ್ತೆ

ಆಕ್ಸೆಪ್ಟರ್ ಕಾಂಡವೇ ಪ್ರಾಣ ಅಂತ ಎಲ್ಲಾ ಪಿಎಸ್‌ಟಿಕೆಗೂ ಸೇರಿಸಿ ಹೇಳಬೇಡ್ರಿ ಸರ್. ಮನುಷ್ಯರ ಸೆಕ್‌ನಲ್ಲಿ ಫಾಸ್ಫೇಟ್ ಹತ್ತೋದನ್ನು ನಿರ್ಧರಿಸೋದು ಮುಖ್ಯವಾಗಿ ಡಿ ಕಾಂಡ (ಟಿಆರ್‌ಎನ್‌ಎಯ ಇನ್ನೊಂದು ತೋಳಿನದು), ಅದರ ಉದ್ದ ಮತ್ತು ರಚನೆ. 1994ರಲ್ಲೇ ಇದು ಪ್ರಕಟವಾಗಿದೆ, ಪಿಎಸ್‌ಟಿಕೆ ಜೀನ್ ಸಿಕ್ಕಿದ್ದೇ 2004ರಲ್ಲಿ! ಡಿ ಕಾಂಡ 6 ಜೋಡಿ, ಕುಣಿಕೆಯಲ್ಲಿ 4 ಬೇಸ್ ಮಾತ್ರ. ಸಾಮಾನ್ಯ ಸೆರೀನ್ ಟಿಆರ್‌ಎನ್‌ಎಯಲ್ಲಿ ಇದಿಲ್ಲ. ಸೆಲ್‌ಎ ಸಹ ತನ್ನ ಎನ್-ತುದಿಯ ಭಾಗದಿಂದ ಡಿ ತೋಳನ್ನೇ ಹಿಡಿಯುತ್ತದೆ. 2013ರ ಸ್ಫಟಿಕ ರಚನೆ ನೋಡಿ, ಹತ್ತು ಉಪಘಟಕದ ಉಂಗುರ.

ಚಂದ್ರವಳ್ಳಿ

ನಾನು ಹೇಳಿದ್ದು ಜನ್ನಾಸ್ಕಿಯ ಕಿಣ್ವದ ಮಾತು, ಹೆಸರು ಹಾಕಿಯೇ ಬರೆದಿದ್ದೀನಿ. ಓದಿ ಮಾತಾಡಿ. 2010ರ ರಚನೆಯಲ್ಲಿ ಅದೇ ಕಿಣ್ವದ ಸಿ-ತುದಿ ಡಿ ತೋಳನ್ನು ಹಿಡಿದಿರೋದು ನನಗೂ ಗೊತ್ತು. ಹಿಡಿಯೋದು ಬೇರೆ, ಮ್ಯುಟೆಂಟ್ ಮಾಡಿದಾಗ ಚಟುವಟಿಕೆ ಎಲ್ಲಿ ಬೀಳುತ್ತದೆ ಅನ್ನೋದು ಬೇರೆ.

ಹಳೇ ಪಿ.ಬಿ. ರಸ್ತೆ

ಅದನ್ನೇ ಮೊದಲ ಉತ್ತರದಲ್ಲಿ ಬರೆಯಬೇಕಿತ್ತು. ಓದೋ ಹುಡುಗರು ಡಿ ಕಾಂಡ ಮುಟ್ಟದೇ ಬಿಟ್ಟರೆ ಅರ್ಧ ಪ್ರಾಜೆಕ್ಟ್ ಹೋಯ್ತು.

ಬಾತಿ ಗುಡ್ಡ

ಇಬ್ಬರೂ ಟಿಆರ್‌ಎನ್‌ಎ ಎಲ್ಲಿಂದ ಬರುತ್ತದೆ ಅಂತ ಒಂದು ಸಾಲೂ ಬರೆದಿಲ್ಲ. ದುಡ್ಡು ಹೋಗೋದೇ ಅಲ್ಲಿ.

ಟಿ7 ಟ್ರಾನ್ಸ್‌ಕ್ರಿಪ್ಷನ್ (ಟಿ7 ಪಾಲಿಮರೇಸ್‌ನಿಂದ ಟ್ಯೂಬಿನಲ್ಲೇ ಡಿಎನ್‌ಎ ನೋಡಿ ಆರ್‌ಎನ್‌ಎ ತಯಾರಿಸೋದು) ಮಾಡಬೇಕು. ಇ. ಕೋಲೈ ಸೆಕ್ ಜಿಜಿಯಿಂದ ಶುರು, ಟಿ7ಗೆ ಅದು ಅನುಕೂಲ. ಕೊನೆಯಲ್ಲಿ ಸಿಸಿಎ (ಅಮೈನೋ ಆಮ್ಲ ಹತ್ತೋ ತುದಿಯ ಮೂರು ಬೇಸ್) ಸರಿಯಾಗಿ ನಿಲ್ಲಲು ಟೆಂಪ್ಲೇಟಿಗೆ ಬಿಎಸ್‌ಟಿಎನ್1 ಕಿಣ್ವ ಕತ್ತರಿಸೋ ಜಾಗ ಸೇರಿಸಿ. ಪಿಸಿಆರ್ ಟೆಂಪ್ಲೇಟ್ ಆದರೆ ರಿವರ್ಸ್ ಪ್ರೈಮರಿನ 5' ತುದಿಯ ಎರಡು ಬೇಸಿಗೆ 2'-ಓ-ಮೀಥೈಲ್ ಹಾಕಿಸಿ, ಇಲ್ಲದಿದ್ದರೆ ಟಿ7 ಕೊನೆಗೆ ಬೇಡದ ಒಂದು ಬೇಸ್ ಅಂಟಿಸುತ್ತದೆ, ಆ ಟಿಆರ್‌ಎನ್‌ಎಗೆ ಸೆರೀನ್ ಹತ್ತೋದಿಲ್ಲ. ಮಿನಿಪ್ರೆಪ್ ಕಿಟ್ಟಿನಲ್ಲಿ ಆರ್‌ಎನೇಸ್-ಎ ಇರುತ್ತದೆ. ಆ ಡಿಎನ್‌ಎಯನ್ನು ಫಿನಾಲ್-ಕ್ಲೋರೋಫಾರ್ಮ್ ಮಾಡದೇ ಹಾಕಿದರೆ ಜೆಲ್‌ನಲ್ಲಿ ಬರೀ ಉಜ್ಜಿದ ಗುರುತು. ಎನ್‌ಟಿಪಿ ತಲಾ 4 ಮಿಲಿಮೋಲಾರ್, ಮೆಗ್ನೀಸಿಯಂ 20ರ ಮೇಲೆ, 37 ಡಿಗ್ರಿ, 3-4 ಗಂಟೆ. ಬೆಳ್ಳಗೆ ಮಬ್ಬಾದರೆ ಗಾಬರಿ ಬೇಡ, ಅದು ಮೆಗ್ನೀಸಿಯಂ ಪೈರೋಫಾಸ್ಫೇಟ್, ಇಡಿಟಿಎಗೆ ಕರಗುತ್ತದೆ. 8 ಮೋಲಾರ್ ಯೂರಿಯಾದ 10 ಶೇಕಡಾ ಜೆಲ್‌ನಲ್ಲಿ ಕತ್ತರಿಸಿ ತೆಗೆಯಿರಿ. ಆಮೇಲೆ 85 ಡಿಗ್ರಿಗೆ ಕಾಯಿಸಿ, 65ಕ್ಕೆ ಇಳಿದಾಗ 5 ಮಿಲಿಮೋಲಾರ್ ಮೆಗ್ನೀಸಿಯಂ ಹಾಕಿ ನಿಧಾನಕ್ಕೆ ತಣಿಸಿ. ಮೊದಲೇ ಮೆಗ್ನೀಸಿಯಂ ಹಾಕಿ 85ರಲ್ಲಿ ಇಟ್ಟರೆ ಆರ್‌ಎನ್‌ಎ ತುಂಡಾಗುತ್ತದೆ.

ಲೆಕ್ಕ ಹಾಕಿಯೇ ಕೊಳ್ಳಿ: 95 ಬೇಸಿನ ಸೆಕ್ 1 ಮಿಲಿಗ್ರಾಂ ಅಂದರೆ ಸುಮಾರು 32 ನ್ಯಾನೋಮೋಲ್. 10 ಮೈಕ್ರೋಮೋಲಾರ್‌ನಲ್ಲಿ 20 ಮೈಕ್ರೋಲೀಟರ್ ರಿಯಾಕ್ಷನ್‌ಗೆ ಬೇಕಾದದ್ದು 6 ಮೈಕ್ರೋಗ್ರಾಂ ಚಿಲ್ಲರೆ. ಒಂದು ಮಿಲಿಗ್ರಾಂಗೆ 150 ರಿಯಾಕ್ಷನ್ ದಾಟುತ್ತದೆ. ಕಿಟ್ ಮೇಲೆ ಕಿಟ್ ತರಿಸೋದು ಯಾಕೆ? ಟಿ7 ಪಾಲಿಮರೇಸನ್ನು ಹಿಸ್-ಟ್ಯಾಗ್ ಪ್ಲಾಸ್ಮಿಡ್‌ನಿಂದ ನೀವೇ ಮಾಡಿಕೊಳ್ಳಿ. ಬೆಂಗಳೂರಿಂದ 260 ಕಿ.ಮೀ. ಬಸ್ ಪಾರ್ಸೆಲ್‌ನಲ್ಲಿ ಐಸ್ ಕರಗಿ ಬಂದ ಕಿಣ್ವಕ್ಕಿಂತ ಅದು ವಾಸಿ.

ಜೋಗಿಮಟ್ಟಿ

ಇಷ್ಟೆಲ್ಲಾ ಮಾಡಿ ಕೊನೆಗೆ ವಿಕಿರಣ ಇಲ್ಲದೆ ಫಾಸ್ಫೇಟ್ ಹತ್ತಿದ್ದು ಹೇಗೆ ನೋಡ್ತೀರಿ? ಪಿಎಸ್‌ಟಿಕೆಯನ್ನೂ ಜೀವಕೋಶದಲ್ಲೇ ನೋಡಬಹುದು. ಸೆಲ್‌ಎ ಇಲ್ಲದ ಇ. ಕೋಲೈಗೆ ಪಿಎಸ್‌ಟಿಕೆ ಮತ್ತು ಸೆಪ್‌ಸೆಕ್‌ಎಸ್ (ಫಾಸ್ಫೇಟ್ ಹತ್ತಿದ ಸೆರೀನನ್ನು ಸೆಲೆನೊಸಿಸ್ಟೀನ್ ಮಾಡೋ ಕಿಣ್ವ) ಎರಡೂ ಕೊಟ್ಟರೆ ನೀಲಿ ಮರಳುತ್ತದೆ, 2006ರಲ್ಲೇ ತೋರಿಸಿದ್ದಾರೆ. ಪಿಎಸ್‌ಟಿಕೆ ಪ್ರೋಟೀನಿನ ಮ್ಯುಟೆಂಟ್ ನೋಡಲು ಇದಕ್ಕಿಂತ ಅಗ್ಗದ ದಾರಿ ತೋರಿಸಿ.

ಚಂದ್ರವಳ್ಳಿ

ಪ್ರೋಟೀನ್ ಮ್ಯುಟೆಂಟ್‌ಗೆ ಒಪ್ಪಿದೆ. ಟಿಆರ್‌ಎನ್‌ಎ ಮ್ಯುಟೆಂಟ್‌ಗೆ ಒಪ್ಪೋದಿಲ್ಲ. ಫಾಸ್ಫೇಟ್ ನೋಡೋದು ಹೀಗೆ: ರಿಯಾಕ್ಷನ್ ಮುಗಿಸಿ, ಟಿಆರ್‌ಎನ್‌ಎ ಎಥನಾಲ್‌ನಲ್ಲಿ ಕೂರಿಸಿ, ಪಿಎಚ್ 9 ಟ್ರಿಸ್‌ನಲ್ಲಿ 37 ಡಿಗ್ರಿ ಇಟ್ಟು ಅಮೈನೋ ಆಮ್ಲ ಕಳಚಿ. ಆ ದ್ರವವನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳಿಸಿ, ಸೆರೀನ್ 105, ಫಾಸ್ಫೋಸೆರೀನ್ 185. ಎರಡೂ ಕಳಚಿದ ಮೇಲೆ ಗಟ್ಟಿ, ಪ್ರಯಾಣ ತಡೆಯುತ್ತವೆ.

ಹಳೇ ಪಿ.ಬಿ. ರಸ್ತೆ

ಕಳಚೋ ಮುಂಚೆ ಸೆರೀನ್ ಎಷ್ಟು ಹತ್ತಿತ್ತು ಅಂತ ನೋಡಿರಬೇಕು, ಅದಿಲ್ಲದೆ ಈ ಅಂಕಿಗಳಿಗೆ ಅರ್ಥ ಇಲ್ಲ. ಇ. ಕೋಲೈಯ ಸೆರಿಲ್ ಸಿಂಥೆಟೇಸ್ ಸೆಕ್‌ಗೆ ಸೆರೀನ್ ಹಚ್ಚೋ ದಕ್ಷತೆ ಸಾಮಾನ್ಯ ಸೆರೀನ್ ಟಿಆರ್‌ಎನ್‌ಎಯ ಶೇಕಡಾ 1ರಷ್ಟು. ಹಾಗಾಗಿ ಕಿಣ್ವ ಜಾಸ್ತಿ ಹಾಕಿ, ಹೊತ್ತು ಜಾಸ್ತಿ ಕೊಡಿ. ಜಿ73 ಬದಲಿಸಿದ ಮ್ಯುಟೆಂಟ್‌ಗೆ ಸೆರೀನೇ ಹತ್ತದೇ ಹೋಗಬಹುದು, ಆಗ ಅದರ ಮೇಲೆ ಪಿಎಸ್‌ಟಿಕೆ ಬಗ್ಗೆ ಏನೂ ಬರೆಯೋ ಹಾಗಿಲ್ಲ. ಪ್ರತಿ ಮ್ಯುಟೆಂಟನ್ನೂ ಆಮ್ಲೀಯ ಯೂರಿಯಾ ಜೆಲ್‌ನಲ್ಲಿ ಓಡಿಸಿ: ಪಿಎಚ್ 5 ಸೋಡಿಯಂ ಅಸಿಟೇಟ್ 0.1 ಮೋಲಾರ್, 6.5 ಶೇಕಡಾ, ಉದ್ದನೆ ಗಾಜು, ಮಿಥಿಲೀನ್ ಬ್ಲೂ. ಪಕ್ಕದ ಲೇನಿನಲ್ಲಿ ಅದೇ ಸ್ಯಾಂಪಲ್ಲನ್ನು ಪಿಎಚ್ 9ರಲ್ಲಿ ಕಳಚಿ ಹಾಕಿ. ಕೋಲ್ಡ್ ರೂಮ್ ಇಲ್ಲ ಅಂದ್ರಲ್ಲ, ಟ್ಯಾಂಕನ್ನು ಫ್ರಿಡ್ಜಿನೊಳಗೇ ಇಟ್ಟು ಕಮ್ಮಿ ವೋಲ್ಟೇಜಲ್ಲಿ ರಾತ್ರಿಯಿಡೀ ಓಡಿಸಿ.

ಚಂದ್ರವಳ್ಳಿಯವರ ಶಾಖದ ಕಿಣ್ವಕ್ಕೆ ಇನ್ನೊಂದು ಮಾತು. ಕಿಣ್ವ 70 ಡಿಗ್ರಿ ತಡೆಯುತ್ತದೆ ಅಂತ ರಿಯಾಕ್ಷನ್ನನ್ನೂ ಬಿಸಿಯಲ್ಲಿ ಇಟ್ಟರೆ ಸೆರೀನ್ ಹಿಡಿದಿರೋ ಎಸ್ಟರ್ ಬಂಧ ಮೊದಲು ಕಳಚುತ್ತದೆ. 37ರಲ್ಲೇ ಮಾಡಿ, ಪಿಎಚ್ 7.5 ದಾಟಬೇಡಿ.

ಚಂದ್ರವಳ್ಳಿ

37 ಅಂತಲೇ ನಾನೂ ಹೇಳೋದು. ಬಿಸಿ ಹೇಳಿದ್ದು ಶುದ್ಧಿ ಮಾಡುವಾಗ ಮಾತ್ರ.

ಕುಂದುವಾಡ ಕೆರೆ

ಎಲ್ಲರಿಗೂ ನಮಸ್ಕಾರ. ಡಿ ಕಾಂಡದ್ದು ಒಂದು, 2-71 ಮತ್ತು 3-70 ಜೋಡಿಯದ್ದು ಒಂದು, ಜಿ73 ನೆಗೆಟಿವ್ ಕಂಟ್ರೋಲ್, ಹೀಗೆ ಮೂರು ಮ್ಯುಟೆಂಟ್ ಟ್ಯೂಬಿನಲ್ಲಿ ಮಾಡ್ತೀನಿ. ಬಾತಿ ಗುಡ್ಡದ ಸರ್, ಬಿಎಸ್‌ಟಿಎನ್1 ಬದಲು ಎಂವಿಎ1 ಆಗುತ್ತಾ?

ಬಾತಿ ಗುಡ್ಡ

ಆಗುತ್ತೆ, ಎರಡೂ ಒಂದೇ ಜಾಗ ಕತ್ತರಿಸ್ತವೆ. ಬಿಎಸ್‌ಟಿಎನ್1 ಆದರೆ 60 ಡಿಗ್ರಿಯಲ್ಲಿ ಇಡಬೇಕು, ಎಂವಿಎ1 37ರಲ್ಲೇ ಸಾಕು. ಟೆಂಪ್ಲೇಟ್ ಪೂರ್ತಿ ಕತ್ತರಿಸಿದೆಯಾ ಅಂತ ಜೆಲ್‌ನಲ್ಲಿ ನೋಡಿಯೇ ಟಿ7 ಹಾಕಿ, ಮತ್ತೆ ಜಿ73 ಮ್ಯುಟೆಂಟ್ ಪ್ರೈಮರ್ ಬರೆಯುವಾಗ ಆ ಕತ್ತರಿಸೋ ಜಾಗ ಹಾಳಾಗದ ಹಾಗೆ ನೋಡಿಕೊಳ್ಳಿ.