ಸಹಾಯ ಬೇಕು: ಪುಟ್ಟ ಎಲ್‌ಇಡಿ ಲೈಟ್ ಹಾಕಿದರೆ ವಿಡಿಯೋದಲ್ಲಿ ಪಟ್ಟೆ
ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ಮೇಲೆ ಕೂರಿಸುವ, ಬ್ಯಾಟರಿಯ ಅಗ್ಗದ ಎಲ್‌ಇಡಿ ಲೈಟ್ ತಗೊಂಡಿದ್ದೇನೆ. ಫೋಟೋಗೆ ಪರವಾಗಿಲ್ಲ. ವಿಡಿಯೋದಲ್ಲಿ ಮಾತ್ರ, ಬೆಳಕು ಕಡಿಮೆ ಮಾಡಿದ ಕೂಡಲೇ ಅಡ್ಡಪಟ್ಟೆಗಳು ಓಡಾಡುತ್ತವೆ. ಪೂರ್ತಿ ಬೆಳಕಿನಲ್ಲಿ ಇಲ್ಲ. ಬ್ಯಾಟರಿಯಲ್ಲೇ ಉರಿಯುವುದರಿಂದ ಮನೆ ಕರೆಂಟಿನ 50 ಹರ್ಟ್ಸ್ (ಸೆಕೆಂಡಿಗೆ 50 ಸಲದ) ಏರಿಳಿತದ ತೊಂದರೆ ಅಲ್ಲ, ಬೆಳಕು ತಗ್ಗಿಸುವ ಡಿಮ್ಮರ್ ದೀಪವನ್ನು ವೇಗವಾಗಿ ಆರಿಸಿ ಹೊತ್ತಿಸುವುದೇ ಕಾರಣ ಅನ್ನಿಸುತ್ತದೆ. ಶಟರ್ ವೇಗವನ್ನು (ಪ್ರತಿ ಚಿತ್ರಕ್ಕೆ ಬೆಳಕು ಬೀಳುವ ಸಮಯ) 1/200 ಸೆಕೆಂಡಿನಿಂದ 1/50ಕ್ಕೆ ಇಳಿಸಿದೆ. ಪಟ್ಟೆ ಮಸುಕಾಯಿತು, ಹೋಗಲಿಲ್ಲ.

ಪೂರ್ತಿ ಬೆಳಕಿಟ್ಟು ದೂರ ಸರಿಸೋಣವೆಂದರೆ (ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದಲ್ಲ) ಮುಖದ ಮೇಲಿನ ನೆರಳು ಇನ್ನೂ ಗಡುಸಾಗುತ್ತದೆ. ನೆರಳು ಮೃದುವಾಗಲು ಲೈಟಿನ ಮುಂದೆ ಬಿಳಿ ಬಟ್ಟೆ ಕಟ್ಟಿದರೆ ಸಾಕೇ? ಎಷ್ಟು ಅಂತರದಲ್ಲಿ? ಬಿಳಿ ಹಾಳೆ ತೋರಿಸಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಹೊಂದಾಣಿಕೆ) ಮಾಡಿದರೂ ಚರ್ಮ ತುಸು ಹಸಿರಾಗಿ ಕಾಣುತ್ತಿದೆ.

ಅಜ್ಜಿಯ ನೆನಪುಗಳನ್ನು ಅವರ ಬಾಯಲ್ಲೇ ರೆಕಾರ್ಡ್ ಮಾಡಿಡಬೇಕು. ಬಲ್ಲವರು ದಯವಿಟ್ಟು ತಿಳಿಸಿ.