ಅಪ್‌ಡೇಟ್: ರಜೆಯಲ್ಲಿ ಮಗಳ ಕನ್ನಡ ಓದು

ಏಪ್ರಿಲ್‌ನಲ್ಲಿ ಕೇಳಿದ್ದೆ: ನಾಲ್ಕನೇ ಕ್ಲಾಸಿನ ಮಗಳು ಕನ್ನಡ ಪುಸ್ತಕ ಮುಟ್ಟುವುದಿಲ್ಲ, ಎರಡು ತಿಂಗಳ ರಜೆಯಲ್ಲಿ ಏನು ಮಾಡಲಿ ಅಂತ. ನಾವಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ. ಮನೆಯಲ್ಲಿ ತುಳು, ಆಟಕ್ಕೆ ಮಲಯಾಳ, ಕನ್ನಡ ಶಾಲೆಗೆ ಮಾತ್ರ.

ನಾನು ಮಾಡಿದ ಟೈಮ್‌ಟೇಬಲ್ ನಾಲ್ಕೇ ದಿನಕ್ಕೆ ಮೂಲೆ ಸೇರಿತು. ನಿಮ್ಮಲ್ಲೊಬ್ಬರು ಹೇಳಿದ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟ್ ಕೈಹಿಡಿಯಿತು. ಪ್ರಥಮ್ ಬುಕ್ಸ್ ಪ್ರಕಾಶನದ್ದು, ಪುಕ್ಕಟೆ, ಕಥೆಗಳನ್ನು ಓದಿನ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ. ಒಂದನೇ ಮಟ್ಟದಿಂದಲೇ ಶುರು ಮಾಡಿಸಿದೆ. "ಇದು ಸಣ್ಣ ಮಕ್ಕಳದ್ದು" ಅಂತ ಮುಖ ಊದಿಸಿದಳು. ಆದರೆ ತಡವರಿಸದೆ ಮುಗಿಸಿದ ಖುಷಿಯೇ ಬೇರೆ ಅಲ್ವಾ?

ಓದಿದ ಕಥೆಯನ್ನು ಅಜ್ಜಿಗೆ ತುಳುವಿನಲ್ಲಿ ಹೇಳಬೇಕು, ಇದು ನನ್ನ ಉಪಾಯ. ಹಪ್ಪಳ ಒಣಗಿಸುತ್ತಾ ಅಜ್ಜಿ ಪ್ರಶ್ನೆ ಕೇಳಿದರೆ, ಉತ್ತರಕ್ಕಾಗಿ ಮತ್ತೆ ಓದುತ್ತಿದ್ದಳು. ಈಗ ಮೂರನೇ ಮಟ್ಟ. ಒತ್ತಕ್ಷರ ಬಂದರೆ ಇನ್ನೂ ನಿಲ್ಲುತ್ತಾಳೆ. ನಾಳೆ ಶಾಲೆ ಶುರು. ಚೀಲಕ್ಕೆ ಮೊದಲು ಹಾಕಿದ್ದು ಮಾತ್ರ ಹಲಸಿನ ಹಪ್ಪಳ!